ರೆಪ್ಪೆಯ ಒಳಮೈ

ಮುತ್ತಿನಕೊಪ್ಪದ ಶಾಲೆಯಲ್ಲಿ ಮಕ್ಕಳು ನನಗೆ ಒಂದು ಹೆಸರಿಟ್ಟಿದ್ದರು: ಅಳೋ ಟೀಚರ್. ಕೆಟ್ಟ ಮನಸ್ಸಿನಿಂದ ಇಟ್ಟಿದ್ದಲ್ಲ. ಒಂದನೇ ಕ್ಲಾಸಿಗೆ ಹೊಸದಾಗಿ ಬಂದ ಮಗು ಅತ್ತರೆ ದೊಡ್ಡ ಕ್ಲಾಸಿನವರು, "ಟೀಚರೂ ದಿನಾ ಅಳ್ತಾರೆ, ಏನೂ ಆಗಲ್ಲ" ಎಂದು ಸಮಾಧಾನ ಮಾಡುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಸುರಿಯುವುದು ಅವರಿಗೆ ಬಿಸಿಯೂಟದಷ್ಟೇ ಮಾಮೂಲು. ದೊಡ್ಡವರಿಗೆ ಹಾಗಲ್ಲ. ಎನ್.ಆರ್. ಪುರದಿಂದ ನಾನು ಹತ್ತುವ ಬಸ್ಸಿನ ಕಂಡಕ್ಟರ್ ಒಂದು ದಿನ ಟಿಕೆಟ್ ಹರಿಯುತ್ತಾ ಮೆಲ್ಲಗೆ, "ಟೀಚರೇ, ಮನೇಲಿ ಏನಾದ್ರೂ ತೊಂದ್ರೆ ಇದ್ರೆ ಹೇಳಿ, ನಮ್ಮ ಚಿಕ್ಕಪ್ಪ ಪಂಚಾಯ್ತಿ ಮೆಂಬರ್ರು" ಎಂದ. ಪಾಪ, ನಮ್ಮವರು. ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಪುಟ್ಟ ವಾಚ್ ರಿಪೇರಿ ಅಂಗಡಿ ಇಟ್ಟುಕೊಂಡು ಯಾರ ತಂಟೆಗೂ ಹೋಗದ ಮನುಷ್ಯ. ಹೆಂಡತಿಗೆ ಹೊಡೆಯುವವರೆಂದು ಅರ್ಧ ಊರು ನಂಬಿಕೊಂಡಿತ್ತು.

ನನ್ನನ್ನು ಅಳಿಸುತ್ತಿದ್ದದ್ದು ನನ್ನದೇ ರೆಪ್ಪೆಗೂದಲು. ಹೊರಗೆ ಬಾಗಬೇಕಾದ ಕೂದಲು ಒಳಕ್ಕೆ ತಿರುಗಿ, ಕಣ್ಣು ಮಿಟುಕಿಸಿದಾಗಲೆಲ್ಲ ಗುಡ್ಡೆಯನ್ನು ಕೆರೆಯುತ್ತಿತ್ತು. ನಾವು ದಿನಕ್ಕೆ ಎಷ್ಟು ಸಲ ಕಣ್ಣು ಮಿಟುಕಿಸುತ್ತೇವೆ ಎಂಬ ಯೋಚನೆ ಯಾರಿಗೂ ಬರುವುದಿಲ್ಲ. ಅದು ಚುಚ್ಚಲು ಶುರುವಾದ ಮೇಲೆ ಬೇರೆ ಯಾವ ಯೋಚನೆಯೂ ಬರುವುದಿಲ್ಲ. ಎಲ್ಲೋ ಒಂದು ಮನೆಯಲ್ಲಿ, ಕಿಟಕಿಯ ಬೆಳಕಿಗೆ ಮುಖವೊಡ್ಡಿ ಕೂತು ಇನ್ನೊಬ್ಬರ ಕೈಯಲ್ಲಿ ರೆಪ್ಪೆಗೂದಲು ಕೀಳಿಸಿಕೊಳ್ಳುತ್ತಿರುವ ಹೆಂಗಸು ಇದ್ದೇ ಇರುತ್ತಾಳೆ. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಓದಲು ಕಣ್ಣು ಬಿಡದಿದ್ದರೆ ಯಾರಾದರೂ ಓದಿ ಹೇಳಲಿ.

ನನ್ನ ತವರು ಶೃಂಗೇರಿ ಹತ್ತಿರದ ಅಡ್ಡಗದ್ದೆ. ಅಲ್ಲಿ ಇದಕ್ಕೆ ಕಾಯಿಲೆ ಎಂಬ ಹೆಸರೇ ಇರಲಿಲ್ಲ. 'ನಮ್ಮನೆ ಹೆಂಗಸರ ರೆಪ್ಪೆ' ಅನ್ನುತ್ತಿದ್ದರು. ಬೇರೆ ಮನೆಯವರು ನಮ್ಮನೆ ಹೆಂಗಸರ ಜಡೆ, ನಮ್ಮನೆ ಹೆಂಗಸರ ಕಂಠ ಅನ್ನುವ ಹಾಗೆ. ಅಪ್ಪ ಮನೆಯಳಿಯನಾಗಿ ಬಂದವರು, ಜೊತೆಗಿದ್ದದ್ದು ಅಮ್ಮನ ತಾಯಿ. ಆ ಅಜ್ಜಿಗೆ ಬಂತು, ಕಡೆಗಾಲದಲ್ಲಿ ಗೋಡೆ ಹಿಡಿದು ಓಡಾಡುತ್ತಿದ್ದಳು. ಅಮ್ಮನಿಗೆ ಬಂತು. ಈಗ ಅವಳಿಗೆ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಯಾರೋ ಬಂದರೆಂದು ಗೊತ್ತಾಗುತ್ತದೆ, ಯಾರೆಂದು ಗೊತ್ತಾಗುವುದಿಲ್ಲ. ನಲವತ್ತು ದಾಟಿದ ಮೇಲೆ ನನಗೆ ಶುರುವಾಯಿತು. ಇದು ರಕ್ತದಲ್ಲೇ ಬಂದದ್ದು, ಹೆಣ್ಣಿಂದ ಹೆಣ್ಣಿಗೆ ಇಳಿಯುವಂಥದ್ದು ಎಂದು ನಾವು ತೀರ್ಮಾನ ಮಾಡಿಬಿಟ್ಟಿದ್ದೆವು. ವಂಶದಲ್ಲಿದೆ ಎಂದು ಹೊರಗೆ ಗೊತ್ತಾದರೆ ಮನೆಯ ಹೆಣ್ಣುಮಕ್ಕಳನ್ನು ಯಾರು ಮಾಡಿಕೊಳ್ಳುತ್ತಾರೆ? ಡಾಕ್ಟರಿಗೆ ಹೇಳಿದರೆ ಕಾಂಪೌಂಡರಿಗೆ ಹೇಳಿದಂತೆ, ಕಾಂಪೌಂಡರಿಗೆ ಹೇಳಿದರೆ ಶೃಂಗೇರಿ ಪೇಟೆಗೆಲ್ಲ ಹೇಳಿದಂತೆ. ಹಾಗಾಗಿ ಮೂರು ತಲೆಮಾರು ಬಾಯಿ ಮುಚ್ಚಿಕೊಂಡು ಕೂದಲು ಕಿತ್ತೆವು. ಅಮ್ಮ ಅಜ್ಜಿಗೆ ಕಿತ್ತಳು, ನಾನು ಅಮ್ಮನಿಗೆ ಕಿತ್ತೆ.

ನನಗೆ ಕೀಳುವ ಕೆಲಸ ಇವರ ಪಾಲಿಗೆ ಬಂತು. ವಾಚ್ ರಿಪೇರಿಯವರ ಹೆಂಡತಿಯಾದದ್ದು ನನ್ನ ಪುಣ್ಯ ಎಂದೇ ತಿಳಿದುಕೊಂಡಿದ್ದೆ. ಭಾನುವಾರ ತಿಂಡಿಯಾದ ಮೇಲೆ ಕಿಟಕಿ ಪಕ್ಕ ನಾನು ಸ್ಟೂಲಿನ ಮೇಲೆ ಕೂರುವುದು. ಇವರು ಅಂಗಡಿಯಿಂದ ತಂದ ಸಣ್ಣ ಚಿಮಟವನ್ನು ಕುದಿವ ನೀರಲ್ಲಿ ಅದ್ದಿ ಒರೆಸಿ, ವಾಚಿನ ಒಳಗನ್ನು ನೋಡುವ ಭೂತಗನ್ನಡಿಯನ್ನು ಒಂದು ಕಣ್ಣಿಗೆ ಸಿಕ್ಕಿಸಿಕೊಂಡು, ಉಸಿರು ಹಿಡಿದು ನನ್ನ ಮುಖದ ಮೇಲೆ ಬಗ್ಗುವುದು.

"ಅಲುಗಬೇಡ ಮಾರಾಯ್ತಿ. ಇನ್ನೊಂದೇ ಒಂದಿದೆ."

"ಇನ್ನೊಂದೇ ಒಂದು ಅಂತ ಆಗ್ಲಿಂದ ಹೇಳ್ತಿದ್ದೀರಿ."

"ಮಾತಾಡಿದ್ರೆ ಮೂಗು ಕೀಳ್ತೀನಿ ನೋಡು."

ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಗಂಡ ಹೆಂಡತಿ ಅಷ್ಟು ಹತ್ತಿರದಿಂದ ಮುಖ ನೋಡಿಕೊಂಡು ಕೂರುವ ಮನೆಗಳು ಕಡಿಮೆ. ಕಿತ್ತ ಮೇಲೆ ಕೆಲವು ದಿನ ಸ್ವರ್ಗ. ಆಮೇಲೆ ಮತ್ತೆ ಮೊಳೆತು ಚುಚ್ಚಲು ಶುರು.

ನಮಗೆ ಒಬ್ಬಳೇ ಮಗಳು, ಸ್ನೇಹಾ. ಶೃಂಗೇರಿಯಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಗಂಡನ ಮನೆಯೂ ಅಲ್ಲೇ. ಮದುವೆಯಾಗಿ ಮೂರ್ನಾಲ್ಕು ವರ್ಷವಾಗಿದ್ದರೂ ಮಕ್ಕಳ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಒಂದು ಭಾನುವಾರ ಅವಳು ಮನೆಗೆ ಬಂದಾಗ ಇವರು ನನಗೆ ಕೂದಲು ಕೀಳುತ್ತಿದ್ದರು. ಬಾಗಿಲಲ್ಲೇ ನಿಂತು ನೋಡಿದಳು. ಅಪ್ಪ ಅಂಗಡಿಗೆ ಹೋದ ಮೇಲೆ ಅಡಿಗೆಮನೆಗೆ ಬಂದು, "ಅಮ್ಮ, ನಂಗೆ ಹೆಣ್ಣಾದ್ರೆ ಅದಕ್ಕೂ ಹಿಂಗೇ ಅಲ್ವಾ?" ಎಂದಳು. "ನಾನು ದಿನಾ ಕನ್ನಡೀಲಿ ರೆಪ್ಪೆ ನೋಡ್ಕೊಳ್ತೀನಿ. ನನಗೆ ಬಂದ್ರೆ ಹೆಂಗೋ ಆಗುತ್ತೆ. ಗೊತ್ತಿದ್ದೂ ಗೊತ್ತಿದ್ದೂ ಇನ್ನೊಂದು ಜೀವಕ್ಕೆ ಕೊಡೋದು ಹೆಂಗೆ?" ನನ್ನ ಎರಡೂ ಕಣ್ಣು ಹೋದರೂ ಅಷ್ಟು ಸಂಕಟವಾಗುತ್ತಿರಲಿಲ್ಲ.

ಡಾಕ್ಟರ ಹತ್ತಿರ ನಾನಾಗಿ ಹೋದದ್ದಲ್ಲ. ಇವರಿಗೆ ಪೊರೆ ಬರುತ್ತಿದೆಯೇನೋ ಎಂಬ ಅನುಮಾನಕ್ಕೆ ಕೊಪ್ಪದಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆ. ಒಂದು ಕಲ್ಯಾಣ ಮಂಟಪದ ಊಟದ ಹಾಲ್. ಊಟದ ಬೆಂಚುಗಳನ್ನೇ ಸಾಲಾಗಿ ಹಾಕಿ ನಮ್ಮನ್ನು ಕೂರಿಸಿದ್ದರು. ಮುಂದಿನವರು ಎದ್ದಂತೆ ಎಲ್ಲರೂ ಕೂತಲ್ಲೇ ಸರಿಯುವುದು. ಎಲೆ ಹಾಕಲು ಕಾಯುವವರಂತೆ ಕಾಣುತ್ತಿದ್ದೆವು. ಡಾಕ್ಟರ್ ವಿಜಯಪುರದ ಕಡೆಯ ಹುಡುಗಿ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದು. ಇವರ ಕಣ್ಣು ನೋಡಿ ಆಪರೇಷನ್ ಈಗಲೇ ಬೇಡ ಎಂದು ಹೇಳಿ, ನನ್ನ ಕಡೆ ತಿರುಗಿದಳು.

"ಅಕ್ಕಾರ, ಅವರಿಗೆ ಏನೂ ಆಗಿಲ್ರಿ. ನೀವ್ಯಾಕ ಅಳಾಕತ್ತೀರಿ?"

"ಅಳ್ತಿಲ್ಲ ಡಾಕ್ಟ್ರೇ. ನನ್ನ ಕಣ್ಣೇ ಹಿಂಗೆ."

"ಹಿಂಗ ಅಂದ್ರ ಹೆಂಗ? ಬರ್ರಿ ಇಲ್ಲೆ ಕುಂದರ್ರಿ."

ಬೇಡ ಅನ್ನುವಷ್ಟರಲ್ಲಿ ಇವರೇ ನನ್ನ ಭುಜ ಹಿಡಿದು ಕೂರಿಸಿಬಿಟ್ಟರು. ಡಾಕ್ಟರ್ ಕೈ ತೊಳೆದುಕೊಂಡು ಬಂದಳು. "ನಿಮ್ಮ ಕಾಲಬೆರಳ ನೋಡ್ರಿ. ನೋಡಕೋತ ಇರ್ರಿ" ಎಂದು, ನನ್ನ ಮೇಲಿನ ರೆಪ್ಪೆಯ ಕೂದಲನ್ನು ಎರಡು ಬೆರಳಲ್ಲಿ ಹಿಡಿದು, ಒಂದು ಸಣ್ಣ ಕಡ್ಡಿಯನ್ನು ರೆಪ್ಪೆಯ ಮೇಲೊತ್ತಿ, ಪಟ್ಟನೆ ಮಗುಚಿದಳು. ನೋವಾಗಲಿಲ್ಲ. ವಿಚಿತ್ರವಾಯಿತು, ಅಷ್ಟೆ. ಹುಟ್ಟಿದಾಗಿನಿಂದ ನನ್ನ ಮೈಯಲ್ಲೇ ಇದ್ದು ಯಾರೂ ನೋಡಿರದ ಒಂದು ಜಾಗವನ್ನು ಅವಳು ನೋಡುತ್ತಿದ್ದಳು. ಟಾರ್ಚ್ ಹಾಕಿ ನೋಡಿದಳು, ಭೂತಗನ್ನಡಿ ಹಿಡಿದು ನೋಡಿದಳು. ಇನ್ನೊಂದು ಕಣ್ಣನ್ನೂ ಮಗುಚಿ ನೋಡಿದಳು.

"ಸಣ್ಣಾಕಿ ಇದ್ದಾಗ ಪದೇ ಪದೇ ಕಣ್ಣು ಕೆಂಪಾಗಿ ಪಿಸುರು ಬರತಿತ್ತೇನ್ರಿ?"

"ಬರ್ತಿತ್ತು. ನಮ್ಮನೆ ಮಕ್ಕಳಿಗೆಲ್ಲ ಬರ್ತಿತ್ತು."

"ಮನ್ಯಾಗ ಕಾಡಿಗಿ ಯಾರು ಹಚ್ಚತಿದ್ರು? ಎಲ್ಲಾರಿಗೂ ಒಬ್ಬರ ಹಚ್ಚತಿದ್ರೇನು?"

ನಾನು ದಂಗಾಗಿ ಅವಳ ಮುಖ ನೋಡಿದೆ. ನಮ್ಮಜ್ಜಿಯ ಕಾಡಿಗೆಯ ಸುದ್ದಿ ಈ ಹುಡುಗಿಗೆ ಯಾರು ಹೇಳಿದರು?

ಅಜ್ಜಿಯ ಕಾಡಿಗೆ ಎಂದರೆ ನಮ್ಮ ಕೇರಿಗೇ ಹೆಸರು. ನಂದಿಬಟ್ಟಲು ಹೂವಿನ ರಸದಲ್ಲಿ ಬಿಳಿಬಟ್ಟೆ ಅದ್ದಿ ನೆರಳಲ್ಲಿ ಒಣಗಿಸಿ, ಬತ್ತಿ ಮಾಡಿ, ಹರಳೆಣ್ಣೆ ದೀಪದ ಮೇಲೆ ಕಂಚಿನ ತಟ್ಟೆ ಕವುಚಿ ಮಸಿ ಹಿಡಿಯುತ್ತಿದ್ದಳು. ಸಂಜೆ ಮುಖ ತೊಳೆದು, ಎಲ್ಲರೂ ಒಂದೇ ಪಂಚೆಯ ತುಂಡಿನಲ್ಲಿ ಒರೆಸಿಕೊಂಡು, ಅಜ್ಜಿಯ ಮುಂದೆ ಸಾಲಾಗಿ ನಿಲ್ಲಬೇಕು. ಕಾಡಿಗೆ ಹಾಳಾಗಬಾರದೆಂದು ಅವಳು ಒಂದೇ ಸಲ ಬೆರಳಿಗೆ ತೆಗೆದುಕೊಂಡು ದೊಡ್ಡವಳಿಂದ ಹಿಡಿದು ತೊಟ್ಟಿಲ ಕೂಸಿನವರೆಗೂ ಎಲ್ಲರ ಕಣ್ಣಿಗೆ ಎಳೆಯುತ್ತಿದ್ದಳು. ಬೆರಳಲ್ಲಿ ಉಳಿದದ್ದು ಅವಳ ಕಣ್ಣಿಗೆ. ಕಣ್ಣು ಕೆಂಪಾದವರಿಗೆ ತಂಪಾಗಲೆಂದು ಇನ್ನಷ್ಟು ಹಚ್ಚುತ್ತಿದ್ದಳು. ಗಂಡುಮಕ್ಕಳಿಗೆ ಶಾಲೆಗೆ ಸೇರುವ ಹೊತ್ತಿಗೆ ಕಾಡಿಗೆ ನಿಲ್ಲುತ್ತಿತ್ತು. ನಮಗೆ ಮದುವೆಯವರೆಗೂ ನಿಲ್ಲಲಿಲ್ಲ.

ಇದನ್ನೆಲ್ಲ ಹೇಳಿದಾಗ ಡಾಕ್ಟರ್ ತಲೆಯಾಡಿಸಿದಳು. ತನ್ನ ಫೋನಿನಲ್ಲಿ ಫೋಟೋ ತೆಗೆದು ನನಗೆ ತೋರಿಸಿದಳು. ನನ್ನದೇ ರೆಪ್ಪೆಯ ಒಳಗು. ನಸುಗೆಂಪಾಗಿ ನುಣ್ಣಗಿರಬೇಕಾದ ಜಾಗದಲ್ಲಿ ಬಿಳಿ ಗೆರೆಗಳು ಅಡ್ಡಾದಿಡ್ಡಿ ಓಡಿದ್ದವು, ಸುಟ್ಟ ಗಾಯ ಮಾಗಿದ ಚರ್ಮದ ಹಾಗೆ.

"ಇದಕ್ಕ ಟ್ರಕೋಮಾ ಅಂತಾರ್ರಿ. ಒಂದು ಕ್ರಿಮಿ ಕೆಲಸ. ಬೆರಳಿನಿಂದ, ಟವೆಲ್ಲಿನಿಂದ, ನೊಣದಿಂದ ಒಬ್ಬರ ಕಣ್ಣಿಂದ ಇನ್ನೊಬ್ಬರ ಕಣ್ಣಿಗೆ ಹೋಗತದ. ಸಣ್ಣವರಿದ್ದಾಗ ಮತ್ತ ಮತ್ತ ಬಂದು, ಗಾಯ ಮಾಗಿ, ಆ ಗಾಯ ಬಿಗದು, ಬಿಗದು, ಈಗ ರೆಪ್ಪಿನ್ನ ಒಳಗ ಎಳ್ಯಾಕತ್ತದ. ನಾ ಓದೂ ಮುಂದ ರಾಜಸ್ಥಾನದಾಗ ನೋಡಿದ್ದೆ. ಇಲ್ಲೆ ನೋಡತೀನಿ ಅಂದ್ಕೊಂಡಿರಲಿಲ್ಲ."

"ರಕ್ತದಲ್ಲಿ ಬಂದಿದ್ದಲ್ವಾ?" ಎಂದು ಕೇಳಿದೆ.

"ಇಲ್ರಿ. ರಕ್ತಕ್ಕೂ ಇದಕ್ಕೂ ಸಂಬಂಧ ಇಲ್ಲ."

ನಾನು ಆ ಫೋಟೋವನ್ನು ನೋಡುತ್ತಲೇ ಕೂತೆ. ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದವಳು ನಾನು. ಒಂದು ರೆಪ್ಪೆಯನ್ನು ಮಗುಚಿ, ಅದರೊಳಗಿನ ಗೆರೆಗಳನ್ನು ನೋಡಿ, ಅರ್ಧ ಶತಮಾನದ ಹಿಂದಿನ ನಮ್ಮ ಮನೆಯ ಸಂಜೆಯನ್ನೂ ಅಜ್ಜಿಯ ಬೆರಳನ್ನೂ ಹೇಳಿಬಿಡುವ ಓದೊಂದು ಇದೆಯೆಂದು ನನಗೆ ಗೊತ್ತಿರಲಿಲ್ಲ. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಬೆರಗು. ಅಷ್ಟರಲ್ಲಿ ಡಾಕ್ಟರ್ ಪಕ್ಕದ ಮೇಜಿನ ಹಿರಿಯ ಡಾಕ್ಟರನ್ನೂ ಕರೆದಳು, ಅವರು ಇನ್ನಿಬ್ಬರನ್ನು ಕರೆದರು. ಕೊಪ್ಪದ ಕಲ್ಯಾಣ ಮಂಟಪದಲ್ಲಿ ಎಲ್ಲರೂ ಸಾಲಾಗಿ ಬಂದು ಮುಖ ನೋಡಿ ಹೋಗುವುದು ಮದುಮಗಳಿಗೆ ಮಾತ್ರ ಎಂದುಕೊಂಡಿದ್ದೆ.

ಇವರು ಮುಂದೆ ಬಂದು, "ಕೂದ್ಲು ಕೀಳ್ತಿದ್ದೆ ಡಾಕ್ಟ್ರೇ, ನಾನೇ" ಎಂದರು. ಡಾಕ್ಟರ್ ಮತ್ತೆ ನೋಡಿದಳು. ಬುಡದಿಂದ ಬಂದರೆ ಸರಿ, ನಡುವೆ ಮುರಿದರೆ ಉಳಿದ ಮೊಂಡು ಕೂದಲು ಇನ್ನೂ ಜಾಸ್ತಿ ಕೆರೆಯುತ್ತದೆ ಎಂದಳು. ನನ್ನ ಎಡಗಣ್ಣಿನ ಗುಡ್ಡೆಗೆ ಆಗಲೇ ಸಣ್ಣದಾಗಿ ಹೂ, ಬಿಳಿ ಕಲೆ, ಬಿದ್ದಿತ್ತು.

"ಹಂಗಾದ್ರೆ ನಾನೇ ಹಾಳು ಮಾಡಿದ್ನಾ?"

"ಹಂಗನಬ್ಯಾಡ್ರಿ. ನೀವು ಕಿತ್ತದ್ದಕ್ಕ ಇಷ್ಟರ ಕಣ್ಣು ಉಳದಾವ. ಆದ್ರ ಇನ್ನ ಮ್ಯಾಲ ಕೀಳೂದು ಬ್ಯಾಡ. ರೆಪ್ಪಿನ್ನ ಹೊರಗ ತಿರುಗಿಸೂ ಆಪರೇಷನ್ ಅದ. ಸಣ್ಣದು."

ಕೊಪ್ಪದಿಂದ ಎನ್.ಆರ್. ಪುರದವರೆಗೂ ಬಸ್ಸಿನಲ್ಲಿ ಇವರು ಕಿಟಕಿಯಾಚೆ ನೋಡುತ್ತಲೇ ಇದ್ದರು. ಇಳಿಯುವಾಗ, "ನಾನು ಒಂದೂ ಮುರೀದೇ ತೆಗೀತಿದ್ದೆ ಅಂತ ಮಾಡಿದ್ದೆ" ಎಂದರು. ನನಗೆ ಅಳು ಬಂತು. ನಿಜವಾದ ಅಳು.

ಡಾಕ್ಟರ್ ಒಂದು ಹತ್ತಿಕಡ್ಡಿಯಲ್ಲಿ ನನ್ನ ರೆಪ್ಪೆಯ ಒಳಗನ್ನು ಒರೆಸಿ ತೆಗೆದುಕೊಂಡಿದ್ದಳು. ಕ್ರಿಮಿ ಇನ್ನೂ ಇದೆಯೋ, ಬರೀ ಗಾಯದ ಗುರುತು ಉಳಿದಿದೆಯೋ ಎಂದು ದೂರದ ಪ್ರಯೋಗಾಲಯದಲ್ಲಿ ನೋಡುತ್ತಾರಂತೆ. ಈ ವಯಸ್ಸಿನಲ್ಲಿ ಇರುವ ಸಾಧ್ಯತೆ ಕಡಿಮೆ, ಆದರೂ ಖಾತ್ರಿ ಮಾಡಿಕೊಳ್ಳಬೇಕು, ಮನೆಯವರ ಕಣ್ಣನ್ನೆಲ್ಲ ಒಮ್ಮೆ ನೋಡಬೇಕು, ತವರಿನವರದ್ದೂ ಮಗಳದ್ದೂ ಕೂಡ, ಎಂದಿದ್ದಳು.

ಉತ್ತರ ಬರುವವರೆಗಿನ ಆ ದಿನಗಳು ನನ್ನ ಕಾಯಿಲೆಯಲ್ಲೇ ಕೆಟ್ಟ ದಿನಗಳು. ಒಂದನೇ ಕ್ಲಾಸಿನ ಟೀಚರ್ ದಿನಕ್ಕೆ ಎಷ್ಟು ಮೂಗು ಒರೆಸುತ್ತಾಳೆ, ಎಷ್ಟು ಕಣ್ಣೀರು ಒರೆಸುತ್ತಾಳೆ, ಅವಳಿಗೇ ಲೆಕ್ಕವಿರುವುದಿಲ್ಲ. ಅಷ್ಟು ವರ್ಷದ ಮಕ್ಕಳೆಲ್ಲ ಕಣ್ಣ ಮುಂದೆ ಬಂದರು. ನಾನು ಕೈ ಹಿಂದೆ ಕಟ್ಟಿಕೊಂಡು ಪಾಠ ಮಾಡತೊಡಗಿದೆ. ಯಾವ ಮಗುವನ್ನೂ ಮುಟ್ಟುತ್ತಿರಲಿಲ್ಲ. ಬಳಪ ಹಿಡಿಯಲು ಬಾರದ ಒಂದು ಪುಟ್ಟ ಹುಡುಗಿ ನನ್ನ ಕೈಗಾಗಿ ಕಾದು ಕಾದು, ಕೊನೆಗೆ, "ಟೀಚರ್, ನಾನು ತಪ್ಪು ಮಾಡಿದ್ನಾ?" ಎಂದು ಕೇಳಿದಳು.

ಫೋನು ಬಂದದ್ದು ಮಧ್ಯಾಹ್ನದ ಊಟದ ಬಿಡುವಿನಲ್ಲಿ.

"ಟೀಚರ್ರ, ಕ್ರಿಮಿ ಇಲ್ರಿ. ಅದು ನಿಮ್ಮ ಕಣ್ಣು ಬಿಟ್ಟು ಹೋಗಿ ಎಷ್ಟ ವರ್ಷ ಆಗಿತ್ತೋ ಏನೋ. ನಿಮ್ಮಿಂದ ಯಾರಿಗೂ ಹರಡಿಲ್ಲ, ಹರಡೂದೂ ಇಲ್ಲ."

ಶಾಲೆಯ ಜಗುಲಿಯ ಮೇಲೆ ಹಾಗೇ ಕೂತೆ. ನಾನು ಲಂಗ ಉಡುತ್ತಿದ್ದ ಕಾಲದಲ್ಲೇ ಆ ಕ್ರಿಮಿ ಗಂಟುಮೂಟೆ ಕಟ್ಟಿಕೊಂಡು ಹೋಗಿಯಾಗಿತ್ತು. ಹೋಗುವಾಗ ಬಿಟ್ಟ ಗಾಯದ ಗುರುತು ಮಾತ್ರ, ನಾನು ಓದಿ, ಕೆಲಸಕ್ಕೆ ಸೇರಿ, ಮದುವೆಯಾಗಿ, ಮಗಳನ್ನು ಹೆತ್ತು ಬೆಳೆಸುವಷ್ಟು ಕಾಲವೂ ಯಾರಿಗೂ ಗೊತ್ತಾಗದಂತೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಗಿಯುತ್ತಾ ಇತ್ತು. ಕಣ್ಣಿಗೆ ಕಾಣದ ಒಂದು ಜೀವಿಗೆ ಅಷ್ಟು ಉದ್ದದ ಕೈ. ಅದು ಇಲ್ಲ ಎಂದು ಒಂದು ಹತ್ತಿಕಡ್ಡಿಯಿಂದ ಕಂಡುಹಿಡಿದವರ ಕೈ ಇನ್ನೂ ಉದ್ದ. ನಾನು ದೇವರ ಮುಂದೆ ನಿಂತಾಗಲೂ ಅಷ್ಟು ಸಣ್ಣವಳಾದದ್ದು ನೆನಪಿಲ್ಲ. ಆಮೇಲೆ ಕೈ ತೊಳೆದು ಬಂದು ಆ ಪುಟ್ಟ ಹುಡುಗಿಯ ಕೈ ಹಿಡಿದು 'ಅ' ತಿದ್ದಿಸಿದೆ.

ಆಪರೇಷನ್ ಶಿವಮೊಗ್ಗದಲ್ಲಿ ಆಯಿತು. ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸಿ, ಎಚ್ಚರವಿರುವಾಗಲೇ ಮಾಡುತ್ತಾರೆ. ಹೆದರಿಕೆಗೆ ನಾನು ಹದಿನೇಳರ ಮಗ್ಗಿ ಹೇಳಲು ಶುರುಮಾಡಿದೆ. ಆಪರೇಷನ್ ಮಾಡುತ್ತಿದ್ದ ಡಾಕ್ಟರು, "ಮನಸ್ಸಲ್ಲೇ ಹೇಳ್ಕೊಳ್ಳಿ ಟೀಚರ್, ನೀವು ಮಾತಾಡಿದ್ರೆ ರೆಪ್ಪೆ ಕುಣಿಯುತ್ತೆ" ಎಂದರು. ಪಕ್ಕದಲ್ಲಿದ್ದ ಸಿಸ್ಟರ್ ಉದ್ದಕ್ಕೂ ನನ್ನ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿದ್ದಳು. ಅವಳ ಮುಖ ನಾನು ನೋಡಲೇ ಇಲ್ಲ. ಆ ಕೈಯನ್ನು ಮಾತ್ರ ಎಲ್ಲಿ ಸಿಕ್ಕರೂ ಗುರುತು ಹಿಡಿದೇನು.

ಹೊರಗೆ ಕಾಯುವ ಹಾಲ್‌ನಲ್ಲಿ ಒಂದು ಗೋಡೆ ಗಡಿಯಾರ ನಿಂತು ಹೋಗಿತ್ತಂತೆ. ಇವರು ಸ್ವಲ್ಪ ಹೊತ್ತು ಅದನ್ನು ನೋಡಿ, ತಡೆಯಲಾರದೆ, ವಾಚ್‌ಮನ್ ಹತ್ತಿರ ಸ್ಟೂಲು ಕೇಳಿ ಗಡಿಯಾರ ಇಳಿಸಿಕೊಂಡು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದ್ದಾರೆ. ಸಿಸ್ಟರ್ ಬಂದು ನನ್ನ ಹೆಸರು ಕೂಗಿದಾಗ ಇವರ ಕೈತುಂಬಾ ಚಕ್ರ, ಸ್ಕ್ರೂ. "ಒಂದ್ನಿಮಿಷ, ಈಗ ಬಂದೆ" ಎಂದರಂತೆ. ಹೆಂಡತಿ ಬಂದಿದ್ದಾಳೆ ಎಂದು ಪಕ್ಕದವರು ಎಬ್ಬಿಸಿ ಕಳಿಸಬೇಕಾಯಿತು. ಬೇರೆ ದಿನವಾಗಿದ್ದರೆ ಜಗಳವಾಡುತ್ತಿದ್ದೆ. ಅಂದು ಮಾತ್ರ, ಆ ಕೈಗಳಿಗೆ ಏನಾದರೂ ಸರಿಮಾಡುವ ಕೆಲಸ ಸಿಕ್ಕಿತಲ್ಲ ಎಂದು ಸಮಾಧಾನವಾಯಿತು.

ಪಟ್ಟಿ ಬಿಚ್ಚಿದ ದಿನ ರೆಪ್ಪೆ ಊದಿತ್ತು, ನೋವೂ ಇತ್ತು. ಬಿಚ್ಚಿದ ಮೇಲೆ ಕಣ್ಣು ಮಿಟುಕಿಸಿ ಎಂದರು. ಅಷ್ಟು ವರ್ಷದ ಅಭ್ಯಾಸ, ಮೈಯೆಲ್ಲ ಬಿಗಿಹಿಡಿದು ಮಿಟುಕಿಸಿದೆ. ಏನೂ ಚುಚ್ಚಲಿಲ್ಲ. ಮತ್ತೊಮ್ಮೆ ಮಿಟುಕಿಸಿದೆ. ಏನೂ ಇಲ್ಲ. ರೆಪ್ಪೆ ಎನ್ನುವುದು ರೇಷ್ಮೆಯಂತೆ ಇಳಿದು ರೇಷ್ಮೆಯಂತೆ ಏಳುವ ವಸ್ತು ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಲೋಕದ ಜನರೆಲ್ಲ ದಿನವಿಡೀ ಈ ಸುಖವನ್ನು ಪುಕ್ಕಟೆಯಾಗಿ ಅನುಭವಿಸುತ್ತಾ, ಕರೆಂಟು ಹೋಯಿತು, ಬಸ್ಸು ತಡವಾಯಿತು ಎಂದು ಗೊಣಗುತ್ತಾರಲ್ಲ ಎಂದು ಆಶ್ಚರ್ಯವಾಯಿತು. ಆಟೋದಲ್ಲಿ ಕೂತು ಮಿಟುಕಿಸಿದೆ, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಿಟುಕಿಸಿದೆ. ಇವರು ಸುತ್ತ ನೋಡಿ ದನಿ ತಗ್ಗಿಸಿ, "ಏನೇ ಇದು, ಈ ವಯಸ್ಸಲ್ಲಿ ನಡುಬೀದೀಲಿ ಕಣ್ಣು ಹೊಡೀತಿದ್ದೀಯಾ" ಎಂದರು.

ಎಡಗಣ್ಣಿನ ಹೂ ಹಾಗೇ ಉಳಿದಿದೆ, ಆ ಕಡೆಯಿಂದ ನೋಡಿದರೆ ಲೋಕಕ್ಕೆ ಸ್ವಲ್ಪ ಮಂಜು. ಅದನ್ನು ಮುಚ್ಚಿಟ್ಟು ಬರೆಯಲಾರೆ. ಹೋದದ್ದು ಹೋಯಿತು, ಮುಂದೆ ಹೋಗಬೇಕಾದದ್ದು ನಿಂತಿತು. ನನಗೆ ಅದು ಸಾಕು.

ಆದರೆ ಸ್ನೇಹಾ ಕಣ್ಣು ತೋರಿಸಲು ಒಪ್ಪಲಿಲ್ಲ. ಫೋನಿನಲ್ಲಿ ಎಷ್ಟು ಹೇಳಿದರೂ ಕಾಲೇಜು, ಪರೀಕ್ಷೆ ಎಂದು ಜಾರಿಕೊಂಡಳು. ಕೊನೆಗೆ ಒಂದು ರಜೆಯ ದಿನ ಅವಳನ್ನು ಅಡ್ಡಗದ್ದೆಗೆ ಕರೆಸಿಕೊಂಡೆ. ಅಮ್ಮ ಅಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಜಗುಲಿಯ ಆ ತುದಿಯಲ್ಲಿ ಕೂತು ಕೈಯಂದಾಜಿನಲ್ಲೇ ಹತ್ತಿ ಬಿಡಿಸಿ ದೀಪದ ಬತ್ತಿ ಹೊಸೆಯುತ್ತಿದ್ದಳು. ಈ ತುದಿಯಲ್ಲಿ ನಾನು, ಮಗಳು.

"ಡಾಕ್ಟ್ರು ರಕ್ತದ್ದಲ್ಲ ಅಂದ್ರು ಕಣೆ. ನಮ್ಮಜ್ಜಿ ಕಾಡಿಗೆ ಬೆರಳಿಂದ ಬಂದಿದ್ದು" ಎಂದು ಪಿಸುಗುಟ್ಟಿದೆ. ಅಮ್ಮನಿಗೆ ಕೇಳಬಾರದೆಂದು. ಅಜ್ಜಿ ಹೋದ ಮೇಲೆ ಮನೆಯ ಮಕ್ಕಳಿಗೆ ಕಾಡಿಗೆ ಹಚ್ಚಿದ ಬೆರಳು ಅಮ್ಮನದ್ದೇ.

"ನಾನೂ ಚಿಕ್ಕೋಳಿದ್ದಾಗ ಈ ಮನೇಗೆ ಬರ್ತಿದ್ನಲ್ಲ ಅಮ್ಮ. ರಕ್ತದ್ದಲ್ಲದಿದ್ರೆ ಕಾಡಿಗೇದು. ಯಾವ್ದಾದ್ರೇನು?"

"ನೀನಾ? ನೀನು ಯಾರ ಟವಲು ಮುಟ್ಟಿದ್ದೆ? ಕಾಡಿಗೆ ಅಂದ್ರೆ ಅಟ್ಟ ಹತ್ತುತ್ತಿದ್ದೆ. ದೊರೆಸಾನಿ ಬಂದ್ಲು ಅಂತ ನಿನ್ನ ಸೋದರಮಾವ ಇವತ್ತಿಗೂ ಆಡಿಕೊಳ್ತಾನೆ."

ಅವಳು ನಗಲಿಲ್ಲ. "ಒಂದೆರಡು ಸಲನಾದ್ರೂ ಹಿಡಿದು ಹಚ್ಚಿರ್ತೀರಿ. ನೋಡಿಸ್ಕೊಂಡು ಇದೆ ಅಂದ್ರೆ ಏನ್ ಮಾಡ್ಲಿ? ನೋಡಿಸ್ಕೊಳ್ದಿದ್ರೆ ಇಲ್ಲ ಅಂತಾದ್ರೂ ಅಂದ್ಕೊಂಡಿರ್ಬಹುದು."

"ಬೆರಳಿಂದಾ?"

ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿದ್ದಳು. ಕಣ್ಣು ಹೋದ ಮೇಲೆ ಅವಳ ಕಿವಿ ಊರಾಚೆಯ ಬಸ್ಸಿನ ಗೇರನ್ನೂ ಕೇಳಿಸಿಕೊಳ್ಳುತ್ತದೆ. ನಾನು ಹೋಗಿ ಪಕ್ಕದಲ್ಲಿ ಕೂತೆ. ಆಗ ಯಾರಿಗೂ ಗೊತ್ತಿರಲಿಲ್ಲ, ಯಾರ ತಪ್ಪೂ ಅಲ್ಲ ಎಂದು ಏನೇನೋ ಹೇಳಿದೆ.

"ತಪ್ಪು ಯಾರ್ದೋ, ಅದಿರ್ಲಿ. ನನ್ನ ಹೊಟ್ಟೆಯಿಂದ ನಿಂಗೆ ಬಂದಿದ್ದಲ್ಲ ತಾನೆ?"

"ಅಲ್ಲಮ್ಮ."

"ಡಾಕ್ಟ್ರು ಖಂಡಿತ ಹೇಳಿದ್ರಾ?"

"ಖಂಡಿತ ಹೇಳಿದ್ರು."

ಅಮ್ಮ ಕೈಯಲ್ಲಿದ್ದ ಬತ್ತಿಯನ್ನು ಮಡಿಲಲ್ಲಿಟ್ಟಳು. ಆಮೇಲೆ, "ಬೆರಳಿಂದು ಅಂದ್ರೆ ತೊಳ್ಕೊಂಡ್ರೆ ಹೋಗೋದು. ರಕ್ತನ ಎಲ್ಲಿ ತೊಳೀತೀಯ? ನಿಂಗೆ ಕಣ್ಣುರಿ ಶುರುವಾದಾಗಿಂದ, ನಾನೇ ಹೆತ್ತು ಕೊಟ್ಟೆ ಈ ಕೂಸಿಗೆ ಅಂತ ನನ್ನನ್ನೇ ಬೈಕೊಳ್ತಿದ್ದೆ" ಎಂದಳು. ಐವತ್ತೇಳು ವರ್ಷದ ನಾನು ಅವಳಿಗೆ ಇನ್ನೂ ಕೂಸು. ಮಗಳು ಆ ಮಾತು ಕೇಳಿ ತಲೆ ತಗ್ಗಿಸಿದಳು. ಅಮ್ಮ ಅವಳಿದ್ದ ಕಡೆಗೆ ಮುಖ ತಿರುಗಿಸಿ, "ನಡಿಯೇ, ನಾನೂ ಬರ್ತೀನಿ. ನಂದೂ ನೋಡ್ಲಿ. ಒಬ್ಳೇ ಹೋಗೋಕೆ ಹೆದ್ರಿಕೆ ಆದ್ರೆ ಇಬ್ರೂ ಹೋಗೋಣ" ಎಂದಳು. ಯಾವ ಡಾಕ್ಟರ ಮುಖವನ್ನೂ ನೋಡದೆ ಎಂಬತ್ತು ವರ್ಷ ಕಳೆದವಳು ಎದ್ದು ನಿಂತು ಸೀರೆ ಸರಿಮಾಡಿಕೊಂಡಳು, ಬಸ್ಸು ಬಂದೇಬಿಟ್ಟಿತು ಎನ್ನುವಂತೆ. ಸ್ನೇಹಾ ಹೂಂ ಎಂದಳು.

ಮುಂದಿನ ವಾರ ಕೊಪ್ಪದ ಆಸ್ಪತ್ರೆಯಲ್ಲಿ ಅದೇ ಡಾಕ್ಟರ್ ಸಿಕ್ಕಳು. ಮೊದಲು ಅಮ್ಮನ ರೆಪ್ಪೆ ಮಗುಚಿದಳು. ಒಳಗೆಲ್ಲ ಬಿಳಿ, ನನ್ನದಕ್ಕಿಂತ ದಪ್ಪ ಗೆರೆ. "ಇವರಿಗೂ ಆಪರೇಷನ್ ಮಾಡೂನು, ಇದ್ದಷ್ಟು ಬೆಳಕು ಉಳೀತದ" ಎಂದಳು. ಅಮ್ಮನಿಗೆ ಅದರ ಕಡೆ ಗಮನವೇ ಇಲ್ಲ. "ನಂದು ಸಾಕು, ಕೂಸಿಂದು ನೋಡಿ" ಎಂದು ಅವಸರಿಸಿದಳು.

ಸ್ನೇಹಾ ಕುರ್ಚಿಯಲ್ಲಿ ಕೂತಳು. ಎರಡೂ ಕೈ ಮಡಿಲಲ್ಲಿ ಬಿಗಿದಿತ್ತು. ಹೇಳಿದಂತೆ ಕಾಲಬೆರಳು ನೋಡಿದಳು. ಡಾಕ್ಟರ್ ರೆಪ್ಪೆ ಮಗುಚಿ, ಬೆಳಕು ಬಿಟ್ಟು, ಒಂದು ಗಳಿಗೆ ನೋಡಿ, ಪಕ್ಕಕ್ಕೆ ಸರಿದಳು.

"ಟೀಚರ್ರ, ಬರ್ರಿ. ನೀವ ನೋಡ್ರಿ."

ನಾನು ಬಗ್ಗಿ ನೋಡಿದೆ. ಮಗಳ ರೆಪ್ಪೆಯ ಒಳಮೈ. ಒದ್ದೆಯಾಗಿ, ನಸುಗೆಂಪಾಗಿ, ನುಣ್ಣಗೆ, ಎಳೆಯ ಮಾವಿನ ಚಿಗುರಿನ ನರಗಳಂತೆ ಸಣ್ಣ ಸಣ್ಣ ಕೆಂಪು ಎಳೆಗಳು ಮೇಲಿಂದ ಕೆಳಕ್ಕೆ ನೇರವಾಗಿ ಇಳಿದಿದ್ದವು. ಒಂದು ಬಿಳಿ ಗೆರೆಯಿಲ್ಲ. ಒಂದು ಚುಕ್ಕೆಯಿಲ್ಲ. ಏನೂ ಇಲ್ಲದ್ದನ್ನು ನೋಡುತ್ತಾ ನಾನು ಅಷ್ಟು ಹೊತ್ತು ನಿಂತದ್ದು ಬದುಕಿನಲ್ಲಿ ಅದೊಂದೇ ಸಲ. ದೇವರೇ, ಮನುಷ್ಯರ ಮೈಯೊಳಗೆ ಇಷ್ಟು ಚೆಂದದ ಜಾಗವಿದೆಯೇ ಅನ್ನಿಸಿತು.

"ಎಂಥ ಕಾಣುತ್ತೆ? ಹೇಳೇ" ಎಂದಳು ಅಮ್ಮ ಹಿಂದಿನಿಂದ.

"ಏನೂ ಇಲ್ಲಮ್ಮ."

"ಸರಿಯಾಗಿ ನೋಡಿದ್ಯಾ?"

"ನೋಡಿದೆ. ಏನೂ ಇಲ್ಲ."

"ಇನ್ನೊಂದು ಕಣ್ಣು?"

ಡಾಕ್ಟರ್ ನಕ್ಕು ಇನ್ನೊಂದನ್ನೂ ಮಗುಚಿದಳು. ಅದರಲ್ಲೂ ಏನೂ ಇರಲಿಲ್ಲ. ಹಾಗೆಂದು ಹೇಳಿದೆ. ಅಮ್ಮ ಕೂತಲ್ಲೇ ಎರಡೂ ಕೈ ಜೋಡಿಸಿದಳು, ಡಾಕ್ಟರ್ ಎಲ್ಲಿದ್ದಾಳೆಂದು ಅಂದಾಜು ಸಿಗದೆ ಬಾಗಿಲ ಕಡೆಗೆ.

ಸ್ನೇಹಾ ಕಣ್ಣು ಒರೆಸಿಕೊಂಡು ಕುರ್ಚಿಯಿಂದ ಇಳಿದು ಬಂದು ನಮ್ಮಿಬ್ಬರ ನಡುವೆ ಬೆಂಚಿನ ಮೇಲೆ ಕೂತಳು.

"ಅಮ್ಮ, ನಾನು ಯಾರಿಗೂ ಹೇಳಿರ್ಲಿಲ್ಲ" ಎಂದಳು. "ನಂಗೆ ಮೂರು ತಿಂಗ್ಳು. ಇಷ್ಟ್ ದಿನ, ಗಂಡೇ ಆಗ್ಲಿ ಅಂತ ಬೇಡ್ಕೊಳ್ತಿದ್ದೆ."

ಅಮ್ಮ ತಡವರಿಸಿ ಅವಳ ಕೈ ಹುಡುಕಿ ಹಿಡಿದುಕೊಂಡಳು. "ಈಗ?" ಎಂದು ಕೇಳಿದಳು.

"ಈಗ ಹೆಣ್ಣಾಗ್ಲಿ ಅನ್ಸ್ತಿದೆ ಅಜ್ಜಿ."